ಎಣ್ಣೆ ಹಚ್ಚಿದರೂ ಕೂದಲು ಸರಿಹೋಗುತ್ತಿಲ್ಲವೇ? ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಕೂದಲಿಗೆ ಎಣ್ಣೆ ಹಚ್ಚುವವರ ದೂರುಗಳು ಹೆಚ್ಚುಕಡಿಮೆ ಒಂದೇ ತರಹ. ತೊಳೆದರೂ ಜಿಡ್ಡು ಬಿಡುತ್ತಿಲ್ಲ. ಹಚ್ಚಿದಷ್ಟೂ ಒರಟಾಗುತ್ತಿದೆ. ಹೊಟ್ಟು ಜಾಸ್ತಿಯಾಯಿತು. ಉದುರುವುದು ನಿಲ್ಲಲೇ ಇಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸವೂ ಒಂದೇ, ಬಾಟಲಿ ಬದಲಿಸುವುದು. ಹೊಸ ಎಣ್ಣೆ ಬರುತ್ತದೆ, ಎರಡು ವಾರ ಆಸೆ ಇರುತ್ತದೆ, ಆಮೇಲೆ ಅದೇ ದೂರು.

ಬಹಳ ಸಲ ತಪ್ಪು ಎಣ್ಣೆಯದಲ್ಲ. ಹಚ್ಚಿದ ಪ್ರಮಾಣದಲ್ಲಿರುತ್ತದೆ, ತೊಳೆದ ರೀತಿಯಲ್ಲಿರುತ್ತದೆ. ಇಲ್ಲವೇ ಎಣ್ಣೆಗೆ ಸಂಬಂಧವೇ ಇಲ್ಲದ ಕೆಲಸವನ್ನು ಎಣ್ಣೆಯಿಂದ ಮಾಡಿಸಲು ಹೊರಟಿರುತ್ತೇವೆ. ಹಾಗಾಗಿ ಯಾವ ಎಣ್ಣೆ ಒಳ್ಳೆಯದು ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ತೊಂದರೆ ಎಲ್ಲಿದೆ ಎಂದು ಗೊತ್ತಾಗಲಿ.

ನೆತ್ತಿಯ ತೊಂದರೆಯೋ, ಎಳೆಯ ತೊಂದರೆಯೋ?

ಇದೊಂದನ್ನು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕೂದಲಿನ ಎಳೆಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ದಾರ. ಅದರ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ತೆಳು ಪದರಗಳಿವೆ. ಒಡೆದ ಪದರ ಮತ್ತೆ ಬೆಳೆಯುವುದಿಲ್ಲ. ನೆತ್ತಿ ಹಾಗಲ್ಲ, ಅದು ಜೀವಂತ ಚರ್ಮ. ಅಲ್ಲಿ ರಕ್ತ ಓಡುತ್ತದೆ, ಬೆವರು ಬರುತ್ತದೆ, ಜಿಡ್ಡಿನ ಗ್ರಂಥಿಗಳಿವೆ, ಶಿಲೀಂಧ್ರಗಳೂ ವಾಸವಾಗಿವೆ.

ಎಣ್ಣೆ ಚೆನ್ನಾಗಿ ಕೆಲಸ ಮಾಡುವುದು ಎಳೆಯ ಮೇಲೆ. ಎಳೆ ಎಳೆಗಳ ನಡುವಿನ ಉಜ್ಜಾಟ ಕಡಿಮೆ ಮಾಡುತ್ತದೆ, ಹೊಳಪು ಕೊಡುತ್ತದೆ, ತೊಳೆಯುವಾಗ ಎಳೆ ಅತಿಯಾಗಿ ನೀರು ಕುಡಿದು ಉಬ್ಬದಂತೆ ನೋಡಿಕೊಳ್ಳುತ್ತದೆ. ಒದ್ದೆಯಾದ ಕೂದಲು ತನ್ನ ತೂಕದ ಸುಮಾರು 30 ಶೇಕಡಾದಷ್ಟು ನೀರು ಹೀರಬಲ್ಲದು. ಪ್ರತಿ ಸಲ ಉಬ್ಬಿ, ಪ್ರತಿ ಸಲ ಕುಗ್ಗಿ ಪದರಗಳು ಸಡಿಲವಾಗುತ್ತವೆ. ಇದನ್ನು ತಡೆಯುವಲ್ಲಿ ಎಣ್ಣೆಯ ಪಾತ್ರ ದೊಡ್ಡದು. ನೆತ್ತಿಯ ವಿಷಯ ಬಂದರೆ ಎಣ್ಣೆಯ ಕೈ ಅಷ್ಟು ಉದ್ದವಿಲ್ಲ. ಕೆಲವು ಕಡೆ ಅದು ತೊಂದರೆಯನ್ನೇ ಹೆಚ್ಚಿಸುತ್ತದೆ.

ಪರೀಕ್ಷೆಗೆ ಒಂದು ಶುರು ಬೇಕು. ಒಂದು ದಿನ ಎಣ್ಣೆ, ಸೀರಮ್, ಕಂಡಿಷನರ್ ಎಲ್ಲ ಬಿಡಿ. ಮಾಮೂಲಿ ಶಾಂಪೂವಿನಿಂದ ಎರಡು ಸಲ ತೊಳೆಯಿರಿ. ಗಾಳಿಗೆ ಒಣಗಲು ಬಿಡಿ. ಈಗ ಕೈಗೆ ಸಿಗುವುದು ನಿಮ್ಮ ಕೂದಲಿನ ನಿಜವಾದ ಸ್ಥಿತಿ. ನಡುವಿನಿಂದ ತುದಿಯವರೆಗೆ ಒರಟಾಗಿದ್ದರೆ ಎಳೆಯ ತೊಂದರೆ. ಎಳೆ ಚೆನ್ನಾಗಿದೆ, ಬುಡದಲ್ಲಿ ಮಾತ್ರ ತುರಿಕೆ, ಹೊಟ್ಟು, ಕೆಂಪು ಕಂಡರೆ ನೆತ್ತಿಯದು. ಎರಡೂ ಇರಬಹುದು. ಆಗ ಎರಡಕ್ಕೂ ಒಂದೇ ಬಾಟಲಿಯಿಂದ ಉತ್ತರ ಹುಡುಕಬೇಡಿ.

ಲೋಟದ ನೀರಿಗೆ ಒಂದು ಕೂದಲು ಹಾಕಿ, ಮುಳುಗುತ್ತದೋ ತೇಲುತ್ತದೋ ನೋಡಿ ಎಣ್ಣೆ ಆರಿಸುವ ಪರೀಕ್ಷೆಯೊಂದು ಚಾಲ್ತಿಯಲ್ಲಿದೆ. ಅದನ್ನು ನಂಬಬೇಡಿ. ಎಳೆಯ ಮೇಲೆ ಚೂರು ಎಣ್ಣೆ ಉಳಿದಿದ್ದರೂ ತೇಲುತ್ತದೆ, ಬೆರಳಿನಿಂದ ಅದುಮಿದರೆ ಯಾವ ಕೂದಲಾದರೂ ಮುಳುಗುತ್ತದೆ. ಅದಕ್ಕಿಂತ ಸುಲಭವಾದ ಗುರುತು ಇದೆ. ನಿಮ್ಮ ಕೂದಲು ಒದ್ದೆಯಾಗಲು ಎಷ್ಟು ಹೊತ್ತು ಬೇಕು, ಒಣಗಲು ಎಷ್ಟು ಹೊತ್ತು ಬೇಕು ಎಂದು ಗಮನಿಸಿ. ತಟ್ಟನೆ ಒದ್ದೆಯಾಗಿ ಒರಟಾಗಿ ಒಣಗುವ ಕೂದಲಿನ ಪದರಗಳು ಹಾಳಾಗಿರುವ ಸಾಧ್ಯತೆ ಜಾಸ್ತಿ. ನೀರು ಮೇಲೇ ಜಾರಿಹೋಗುವ ಕೂದಲಿನ ಪದರಗಳು ಬಿಗಿಯಾಗಿವೆ, ಇಲ್ಲವೇ ಮೇಲೆ ಏನೋ ಕೂತಿದೆ.

ತೊಳೆದರೂ ಜಿಡ್ಡು ಬಿಡುತ್ತಿಲ್ಲ

ಎಲ್ಲಕ್ಕಿಂತ ಸಾಮಾನ್ಯವಾದ ದೂರು ಇದು. ಸುಲಭವಾಗಿ ಸರಿಹೋಗುವುದೂ ಇದೇ. ಜಿಡ್ಡು ಎಲ್ಲಿದೆ, ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ನೋಡಿ.

ತೊಳೆದು ಒಣಗಿದ ಕೂಡಲೇ ಉದ್ದಕ್ಕೂ ಅಂಟಂಟಾಗಿದ್ದು, ಎಳೆಗಳು ಗುಂಪುಗುಂಪಾಗಿ ಕೂಡಿಕೊಂಡಿದ್ದರೆ ಹಚ್ಚಿದ ಎಣ್ಣೆ ಇನ್ನೂ ಅಲ್ಲೇ ಇದೆ. ತೊಳೆದ ದಿನ ಚೆನ್ನಾಗಿತ್ತು, ಮರುದಿನ ಬುಡದಿಂದ ಎರಡು ಬೆರಳಷ್ಟು ಮಾತ್ರ ಜಿಡ್ಡಾಯಿತು ಅಂದರೆ ಅದು ನೆತ್ತಿಯೇ ಸುರಿಸಿದ ಜಿಡ್ಡು. ಎಣ್ಣೆಯನ್ನು ಬೈದು ಪ್ರಯೋಜನವಿಲ್ಲ. ಹಿಂದಲೆ ಮಾತ್ರ ಅಂಟಾಗಿದ್ದರೆ ನಿಮ್ಮ ಕೈ ಅಲ್ಲಿಗೆ ಹೋಗಿಲ್ಲ ಅಷ್ಟೇ. ಬಹಳ ಜನ ಹಣೆಯ ಮೇಲಿನ ಭಾಗವನ್ನು ಉಜ್ಜಿ ಉಜ್ಜಿ ತೊಳೆದು, ಹಿಂದೆ ಸುಮ್ನೆ ನೀರು ಸುರಿದು ಎದ್ದುಬಿಡುತ್ತಾರೆ. ಇನ್ನೊಂದು ಗುರುತು: ಬಾಚಿದಾಗ ಹಣಿಗೆಯ ಹಲ್ಲಿಗೆ ಬೂದು ಬಣ್ಣದ ಮೇಣದಂಥದ್ದು ಅಂಟುತ್ತಿದೆಯೇ? ಸೋಪಿನಿಂದ ತಲೆ ತೊಳೆಯುವವರಲ್ಲಿ ಇದು ಜಾಸ್ತಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಲೇಪವಾಗುತ್ತದೆ. ಅದು ಎಣ್ಣೆಯ ಜಿಡ್ಡಿನಂತೆಯೇ ಕಾಣುತ್ತದೆ. ಶಾಂಪೂವಿನಲ್ಲಿ ಈ ತಾಪತ್ರಯ ಇಲ್ಲ. ಹಾಗಾಗಿ ಪರಿಹಾರ ಶಾಂಪೂಗೆ ಬದಲಾಗುವುದು, ಎಣ್ಣೆ ಬಿಡುವುದಲ್ಲ.

ಉಳಿದದ್ದು ಹಚ್ಚಿದ ಎಣ್ಣೆಯೇ ಅನ್ನುವುದು ಖಚಿತವಾದರೆ ಪ್ರಮಾಣ ನೋಡಿ. ಕುತ್ತಿಗೆವರೆಗಿನ ಕೂದಲಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಸಾಕು. ನಡುಬೆನ್ನಿನವರೆಗೆ ಇದ್ದರೆ ಎರಡು. ತುಂಬ ದಟ್ಟವಾಗಿದ್ದರೆ ಮೂರು. ಹೆಚ್ಚಿನವರು ಅಂಗೈಗೆ ಸುರಿದುಕೊಳ್ಳುವುದು ಇದಕ್ಕಿಂತ ಎಷ್ಟೋ ಜಾಸ್ತಿ. ಎಳೆ ಹೀರುವುದು ಸ್ವಲ್ಪವೇ. ಮಿಕ್ಕಿದ್ದೆಲ್ಲ ದಿಂಬಿಗೆ, ಇಲ್ಲವೇ ಚರಂಡಿಗೆ. ಹಚ್ಚಿ ಹತ್ತು ನಿಮಿಷ ಬಿಟ್ಟು ಒಂದು ಹಿಡಿ ಕೂದಲನ್ನು ಟಿಶ್ಯೂ ಕಾಗದದಲ್ಲಿ ಹಿಡಿದು ಒತ್ತಿ. ಕಾಗದ ಲಘುವಾಗಿ ಪಸೆಯಾದರೆ ಸರಿ. ನೆನೆದು ಪಾರದರ್ಶಕವಾದರೆ ಮುಂದಿನ ಸಲ ಅರ್ಧಕ್ಕಿಳಿಸಿ.

ಪ್ರಮಾಣವೂ ಸರಿಯಿದೆ ಅಂದರೆ ತೊಳೆಯುವ ಕ್ರಮ. ತಲೆಗೆ ಮೊದಲು ನೀರು ಸುರಿದು ಆಮೇಲೆ ಶಾಂಪೂ ಹಾಕುವುದು ಎಲ್ಲರ ರೂಢಿ. ಎಣ್ಣೆ ತಲೆಗೆ ಇದನ್ನು ತಿರುಗಿಸಿ ನೋಡಿ. ಶಾಂಪೂವಿನ ಕಣಕ್ಕೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಮೊದಲೇ ನೀರು ಸುರಿದರೆ ಶಾಂಪೂ ತೆಳುವಾಗಿ ಹರಿದುಹೋಗುತ್ತದೆ, ಎಣ್ಣೆಯನ್ನು ಮುಟ್ಟುವುದೇ ಕಷ್ಟ. ಅದಕ್ಕೆ ಬದಲು ಒಣ ಎಣ್ಣೆಗೂದಲಿಗೇ ಸ್ವಲ್ಪ ಶಾಂಪೂ ಹಚ್ಚಿ, ಬುಡದಲ್ಲಿ ಬೆರಳಾಡಿಸಿ, ಕೈಯನ್ನು ಆಗಾಗ ಒದ್ದೆ ಮಾಡಿಕೊಳ್ಳುತ್ತ ಉಜ್ಜಿ. ಬಿಳಿ ಹಾಲಿನಂತಾದಾಗ ನೀರು ಸುರಿಯಿರಿ. ಮೊದಲ ಸುತ್ತಿನಲ್ಲಿ ನೊರೆ ಬರುವುದಿಲ್ಲ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಗಾಬರಿ ಬೇಡ. ಎರಡನೇ ಸುತ್ತಿನಲ್ಲಿ ಕಡಿಮೆ ಶಾಂಪೂವಿಗೇ ನೊರೆ ಎದ್ದರೆ ಎಣ್ಣೆ ಬಿಟ್ಟಿದೆ ಎಂದು ಅರ್ಥ. ಕೂದಲು ತೀರಾ ಒಣಕಲಾಗಿದ್ದರೆ ಶಾಂಪೂವಿಗೆ ಮೊದಲು ಉದ್ದಕ್ಕೆ ಕಂಡಿಷನರ್ ಹಚ್ಚಿ ಐದು ನಿಮಿಷ ಬಿಡಬಹುದು. ಅದೂ ಎಣ್ಣೆಯನ್ನು ಸಡಿಲಿಸುತ್ತದೆ.

ನೀರು ಉಗುರುಬೆಚ್ಚಗಿದ್ದರೆ ಸಾಕು, ಸುಡುನೀರು ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪು ಹಾಕಿ ಜಿಡ್ಡು ತೆಗೆದವರೂ ಇದ್ದಾರೆ. ಜಿಡ್ಡು ಖಂಡಿತ ಹೋಗುತ್ತದೆ. ಎಳೆಯ ಮೇಲಿದ್ದ ಸಹಜ ಪಸೆಯೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಒರಟಾಯಿತು ಎಂದು ಇನ್ನಷ್ಟು ಎಣ್ಣೆ, ಅದನ್ನು ತೆಗೆಯಲು ಇನ್ನಷ್ಟು ಸೋಪು. ಈ ಸುತ್ತಿನಲ್ಲಿ ಸಿಕ್ಕಿಬಿದ್ದಿದ್ದರೆ ಎರಡು ವಾರ ಎಣ್ಣೆಯನ್ನೇ ನಿಲ್ಲಿಸಿ ಹೊಸದಾಗಿ ಶುರು ಮಾಡಿ.

ಹಚ್ಚಿದಷ್ಟೂ ಒರಟು, ಒಣಕಲು

ಎಣ್ಣೆಯಲ್ಲಿ ನೀರಿಲ್ಲ. ಹೇಳಿದರೆ ತೀರಾ ಮಾಮೂಲಿ ಮಾತು, ಆದರೆ ಈ ದೂರಿನ ಅರ್ಧ ಉತ್ತರ ಇದರಲ್ಲೇ ಇದೆ. ಒಣಗಿ ಕಡ್ಡಿಯಂತಾದ ಕೂದಲಿಗೆ ಎಣ್ಣೆ ಹಚ್ಚಿದರೆ ಅದು ಎಣ್ಣೆ ಹಚ್ಚಿದ ಒಣಕೂದಲು, ಅಷ್ಟೇ. ತೊಳೆದ ಮೇಲೆ ಕೂದಲು ಇನ್ನೂ ತೇವವಾಗಿರುವಾಗ ಕಂಡಿಷನರ್ ಹಚ್ಚಿ ತೊಳೆದು, ನೀರು ಹಿಂಡಿ, ನಾಲ್ಕೈದು ಹನಿ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ತುದಿಗೆ ಮಾತ್ರ ಸವರಿ ನೋಡಿ. ಅದೇ ಎಣ್ಣೆ, ಬೇರೆ ಫಲ.

ಬ್ಲೀಚ್, ಕಲರ್, ರಾಸಾಯನಿಕ ಸ್ಟ್ರೇಟ್ನಿಂಗ್ ಮಾಡಿಸಿದ ಕೂದಲಿನ ಕಥೆ ಬೇರೆ. ಹೊಸ ಕೂದಲಿನ ಹೊರಮೈಯಲ್ಲಿ ತೆಳುವಾದ ಕೊಬ್ಬಿನ ಪದರ ಇರುತ್ತದೆ. ನೀರನ್ನು ಜಾರಿಸುವುದು, ಬೆರಳಿಗೆ ನುಣುಪು ಅನ್ನಿಸುವುದು ಅದೇ. ಬ್ಲೀಚ್ ಅದನ್ನು ಕಿತ್ತುಹಾಕುತ್ತದೆ. ಆಮೇಲೆ ಎಳೆಯ ಹೊರಮೈ ನೀರನ್ನು ಎಳೆದುಕೊಳ್ಳುತ್ತದೆ, ಎಣ್ಣೆ ಮೊದಲಿನಂತೆ ಸಮನಾಗಿ ಹರಡಿ ಕೂರುವುದಿಲ್ಲ. ಇಂಥ ಕೂದಲಿಗೆ ಬರೀ ಎಣ್ಣೆಯಿಂದ ಆಗುವ ಲಾಭ ಕಡಿಮೆ. ಕಂಡಿಷನರ್ ಹೆಚ್ಚು ಕೆಲಸ ಮಾಡುತ್ತದೆ. ಅದರಲ್ಲಿರುವ ಧನ ವಿದ್ಯುದಂಶದ ಕಣಗಳು ಋಣ ವಿದ್ಯುದಂಶವುಳ್ಳ ಹಾಳಾದ ಜಾಗಗಳಿಗೇ ಹೋಗಿ ಅಂಟುತ್ತವೆ. ಎಣ್ಣೆ ಅದರ ಮೇಲಿನ ಕೊನೆಯ ಕೈ.

ತುದಿ ಕವಲೊಡೆದಿದ್ದರೆ ಕತ್ತರಿಯೇ ಪರಿಹಾರ. ಯಾವ ಎಣ್ಣೆಯೂ ಸೀಳನ್ನು ಬೆಸೆಯುವುದಿಲ್ಲ. ಎರಡು ಕವಲನ್ನು ಅಂಟಿಸಿ ಒಂದು ದಿನ ಮರೆಮಾಚುತ್ತದೆ, ಮುಂದಿನ ಸ್ನಾನಕ್ಕೆ ಮತ್ತೆ ಕಾಣುತ್ತದೆ.

ಇನ್ನು ಎಣ್ಣೆಯೇ ಹೊಂದದಿರುವ ಸಾಧ್ಯತೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ಗಟ್ಟಿಯಾಗಿ, ಒಣಹುಲ್ಲಿನ ಹಾಗೆ ಆಗುತ್ತದೆ ಎನ್ನುವವರು ಕೆಲವರಿದ್ದಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಪ್ರಮಾಣ ಕಡಿಮೆ ಮಾಡಿ, ತೊಳೆಯುವ ಮುನ್ನ ಮಾತ್ರ ಹಚ್ಚಿ ನೋಡಿ. ಚಳಿಯಲ್ಲಿ ಹಾಗಾಗುತ್ತಿದ್ದರೆ ಕಾರಣ ಇನ್ನೂ ಸರಳ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಎಳೆಯ ಮೇಲೂ ಹೆಪ್ಪುಗಟ್ಟುತ್ತದೆ. ಆಗಲೂ ಸರಿಬರದಿದ್ದರೆ ಬೇರೆ ಎಣ್ಣೆಗೆ ಹೋಗಿ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲೇಬೇಕೆಂದಿಲ್ಲ, ಅಲ್ವಾ?

ಹಾಗಾದರೆ ಯಾವ ಎಣ್ಣೆ?

ಈಗ ಆ ಪ್ರಶ್ನೆಗೆ ಬರೋಣ. ಎಣ್ಣೆ ಎಳೆಯ ಒಳಗೆ ಇಳಿಯುತ್ತದೋ, ಮೇಲೆ ಕೂರುತ್ತದೋ ಅನ್ನುವುದೇ ಮುಖ್ಯ ವ್ಯತ್ಯಾಸ. ಕೊಬ್ಬರಿ ಎಣ್ಣೆಯ ಹತ್ತಿರಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದರ ಅಣುವಿನ ಸರಪಳಿ ಚಿಕ್ಕದು, ನೇರ, ಮತ್ತು ಪ್ರೋಟೀನಿನ ಕಡೆ ಒಲವುಳ್ಳದ್ದು. ಹಾಗಾಗಿ ಎಳೆಯೊಳಗೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ತೊಳೆಯುವ ಮುಂಚೆ ಹಚ್ಚಲು ಒಂದೇ ಎಣ್ಣೆ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ತೊಳೆದ ಮೇಲೆ ಹೊಳಪಿಗೆ, ಸಿಕ್ಕು ಬಿಡಿಸಲು ಮೇಲೆ ಕೂರುವ ಹಗುರ ಎಣ್ಣೆ ಬೇಕು. ಬಾದಾಮಿ, ಆರ್ಗನ್, ಸೂರ್ಯಕಾಂತಿ ಎಣ್ಣೆಗಳು ಈ ಕೆಲಸಕ್ಕೆ ಚೆನ್ನ. ಜೊಜೊಬಾ ಹೆಸರಿಗೆ ಎಣ್ಣೆ, ನಿಜದಲ್ಲಿ ದ್ರವರೂಪದ ಮೇಣ. ಬೇಗ ಕೆಡುವುದಿಲ್ಲ, ತೆಳು ಕೂದಲಿಗೂ ಭಾರವಾಗುವುದಿಲ್ಲ. ಆಲಿವ್ ಎಣ್ಣೆ ಮತ್ತು ಎಳ್ಳೆಣ್ಣೆ ಸ್ವಲ್ಪ ಭಾರ, ದಪ್ಪ ಅಥವಾ ಗುಂಗುರು ಕೂದಲಿಗೆ ಒಪ್ಪುತ್ತವೆ. ನಯವಾದ ತೆಳು ಕೂದಲಿಗೆ ಹಚ್ಚಿದರೆ ಜೋತುಬೀಳುತ್ತದೆ. ಹರಳೆಣ್ಣೆಯ ವಿಷಯ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಬಾಟಲಿಯ ಮುಂಭಾಗದ ಚಿತ್ರ ನೋಡಬೇಡಿ, ಹಿಂದಿನ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಮುಂದೆ ಬಾದಾಮಿಯ ಚಿತ್ರ, ಹಿಂದಿನ ಪಟ್ಟಿಯಲ್ಲಿ ಮೊದಲು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಇದ್ದರೆ ನೀವು ಕೊಂಡಿದ್ದು ಮಿನರಲ್ ಎಣ್ಣೆ. ಅದೇನೂ ವಿಷವಲ್ಲ, ಸಿಕ್ಕು ಬಿಡಿಸಲು ಚೆನ್ನಾಗಿಯೇ ಜಾರುತ್ತದೆ. ಆದರೆ ಎಳೆಯೊಳಗೆ ಇಳಿಯುವುದಿಲ್ಲ. ಬಾದಾಮಿ ಎಣ್ಣೆಯ ಗುಣ ಅದರಿಂದ ಬರಲಿಲ್ಲ ಎಂದು ದೂರುವಂತಿಲ್ಲ.

ಹೊಟ್ಟು, ತುರಿಕೆ

ನೆತ್ತಿ ಒಣಗಿದೆ, ಅದಕ್ಕೇ ಹೊಟ್ಟು, ಹಾಗಾಗಿ ಎಣ್ಣೆ ಬೇಕು. ಈ ತರ್ಕ ಕೇಳಲು ಸರಿಯೆನಿಸುತ್ತದೆ. ಬಹಳ ಸಲ ನಿಜ ಇದರ ತಿರುವುಮುರುವು.

ಎಲ್ಲರ ನೆತ್ತಿಯಲ್ಲೂ ಮಲಸೇಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಇರುತ್ತದೆ. ಅದಕ್ಕೆ ತನಗೆ ಬೇಕಾದ ಕೊಬ್ಬಿನಾಮ್ಲ ಮಾಡಿಕೊಳ್ಳಲು ಬರುವುದಿಲ್ಲ. ನೆತ್ತಿಯ ಜಿಡ್ಡನ್ನು ಒಡೆದು ಬದುಕುತ್ತದೆ. ಒಡೆಯುವಾಗ ಓಲಿಕ್ ಆಮ್ಲ ಉಳಿದುಬಿಡುತ್ತದೆ. ಕೆಲವರ ಚರ್ಮ ಅದನ್ನು ತಾಳುವುದಿಲ್ಲ. ಕೆರಳಿ, ತುರಿಸಿ, ಬೇಗ ಬೇಗ ಪದರ ಕಳಚುತ್ತದೆ. ಇದೇ ತಲೆಹೊಟ್ಟು. ಇಂಥವರು ನೆತ್ತಿಗೆ ಎಣ್ಣೆ ಸುರಿದು ರಾತ್ರಿಯೆಲ್ಲ ಬಿಟ್ಟರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ಆಲಿವ್ ಎಣ್ಣೆಯ ಬಹುಪಾಲು ಓಲಿಕ್ ಆಮ್ಲವೇ, ಆದ್ದರಿಂದ ಹೊಟ್ಟಿನ ತಲೆಗೆ ಅದು ಸರಿಯಾದ ಆಯ್ಕೆ ಅಲ್ಲವೇ ಅಲ್ಲ. ಎಣ್ಣೆ ಹಚ್ಚಿದ ದಿನ ಹೊಟ್ಟು ಮಾಯವಾದಂತೆ ಕಾಣುವುದು ನಿಜ. ಪುಡಿ ಎಣ್ಣೆಯಲ್ಲಿ ಅಂಟಿಕೊಂಡು ಉದುರುವುದಿಲ್ಲ, ಅಷ್ಟೇ.

ಬೇರ್ಪಡಿಸುವುದು ಹೇಗೆ? ಸಣ್ಣ ಸಣ್ಣ ಒಣ ಬಿಳಿ ಪುಡಿ, ನೆತ್ತಿ ಬಿಗಿದ ಹಾಗೆ, ಕೈಕಾಲ ಚರ್ಮವೂ ಒಣಗಿದೆ ಅಂದರೆ ನಿಜಕ್ಕೂ ಒಣನೆತ್ತಿ ಇರಬಹುದು. ತೊಳೆಯುವುದು ಕಡಿಮೆ ಮಾಡಿ, ಮೃದು ಶಾಂಪೂ ಬಳಸಿ, ತೊಳೆಯುವ ಅರ್ಧ ಗಂಟೆ ಮುಂಚೆ ತೆಳುವಾಗಿ ಎಣ್ಣೆ ಹಚ್ಚಿದರೆ ಹಿತವಾಗುತ್ತದೆ. ಹಳದಿ ಛಾಯೆಯ ಜಿಡ್ಡು ಜಿಡ್ಡು ಪದರ, ಕೆಳಗೆ ಕೆಂಪು, ಹುಬ್ಬು ಮತ್ತು ಮೂಗಿನ ಪಕ್ಕವೂ ಹಾಗೇ ಇದ್ದರೆ ಅದು ಮಲಸೇಜಿಯಾ ಕಥೆ. ನೆತ್ತಿಗೆ ಎಣ್ಣೆ ನಿಲ್ಲಿಸಿ, ಕೂದಲಿನ ಉದ್ದಕ್ಕೆ ಮಾತ್ರ ಹಚ್ಚಿ. ಶಿಲೀಂಧ್ರ ತಡೆಯುವ ಔಷಧವಾದ ಕೀಟೋಕೊನಜೋಲ್ 2 ಶೇಕಡಾ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸುವುದು ಇದಕ್ಕಿರುವ ಮಾಮೂಲಿ ಚಿಕಿತ್ಸೆ. ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ತಕ್ಷಣ ತೊಳೆದುಬಿಟ್ಟು ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಎಣ್ಣೆ ತಲೆಯ ಮೇಲೆ ನೇರವಾಗಿ ಹಾಕಬೇಡಿ, ಮೊದಲು ಮಾಮೂಲಿ ಶಾಂಪೂವಿನಿಂದ ಜಿಡ್ಡು ತೆಗೆಯಿರಿ.

ದಪ್ಪನೆಯ ಬೆಳ್ಳಿಬಣ್ಣದ ಪದರ, ಅಂಚು ಸ್ಪಷ್ಟ, ಕೂದಲಿನ ಗಡಿ ದಾಟಿ ಹಣೆಗೂ ಬಂದಿದ್ದರೆ ಸೋರಿಯಾಸಿಸ್ ಇರಬಹುದು. ಮಕ್ಕಳ ತಲೆಯಲ್ಲಿ ಮಚ್ಚೆಮಚ್ಚೆಯಾಗಿ ಕೂದಲು ತುಂಡಾಗಿ, ಬುಡದಲ್ಲಿ ಕಪ್ಪು ಚುಕ್ಕಿ ಕಂಡರೆ ಹುಳುಕಡ್ಡಿ ಇರಬಹುದು. ಅದಕ್ಕೆ ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆಯೇ ಬೇಕು. ಇವೆರಡನ್ನೂ ಚರ್ಮದ ಡಾಕ್ಟರಿಗೆ ತೋರಿಸಿ.

ಉದುರುವುದು ನಿಲ್ಲುತ್ತಿಲ್ಲ

ಮೊದಲು ಉದುರಿದ್ದೋ, ಮುರಿದಿದ್ದೋ ನೋಡಿ. ಬಿದ್ದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಬುಡದಿಂದ ಬಂದಿದೆ. ಗಂಟಿಲ್ಲ, ತುಂಡೂ ಚಿಕ್ಕದು ಅಂದರೆ ನಡುವೆ ಮುರಿದಿದೆ. ಮುರಿಯುವುದಕ್ಕೆ ಎಣ್ಣೆ ಸಹಾಯ ಮಾಡುತ್ತದೆ. ತೊಳೆಯುವ ಮುನ್ನ ಹಚ್ಚಿ, ಒದ್ದೆ ಕೂದಲನ್ನು ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬನ್ನಿ. ಒದ್ದೆ ಕೂದಲು ಎಳೆದರೆ ಬೇಗ ಹಿಗ್ಗುತ್ತದೆ, ಬೇಗ ಮುರಿಯುತ್ತದೆ.

ಬುಡದಿಂದ ಉದುರುವುದು ದಿನಕ್ಕೆ 50ರಿಂದ 100ರವರೆಗೆ ಸಹಜ. ಮೂರು ದಿನಕ್ಕೊಮ್ಮೆ ತಲೆ ತೊಳೆಯುವವರಿಗೆ ಆ ಮೂರು ದಿನದ್ದೂ ಒಟ್ಟಿಗೆ ಕೈಗೆ ಬರುತ್ತದೆ. ಎಣ್ಣೆ ಹಚ್ಚಿ ಮಾಲೀಸು ಮಾಡುವಾಗ ಬರುವ ಕೂದಲೂ ಹೀಗೆ ಮೊದಲೇ ಸಡಿಲವಾಗಿದ್ದದ್ದು. ಎಣ್ಣೆಯಿಂದಲೇ ಉದುರಿತು ಎಂದು ನಿಲ್ಲಿಸುವವರು, ಎಣ್ಣೆ ಸಾಲದೆ ಉದುರಿತು ಎಂದು ಹೆಚ್ಚಿಸುವವರು, ಇಬ್ಬರೂ ಒಂದೇ ಕಡೆ ಎಡವುತ್ತಾರೆ.

ಜಾಸ್ತಿ ಉದುರುತ್ತಿದೆ ಅನ್ನಿಸಿದರೆ ಹಿಂದಿನ ಎರಡು ಮೂರು ತಿಂಗಳು ನೆನಪಿಸಿಕೊಳ್ಳಿ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ತೀರಾ ಕಡಿಮೆ ಮಾಡಿದ್ದು, ದೊಡ್ಡ ಆಘಾತ. ಇಂಥದ್ದೇನಾದರೂ ಆದಾಗ ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಕಾರಣ ಆ ಹಳೆಯ ಜ್ವರ. ಅದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ಹಚ್ಚುತ್ತಿದ್ದ ಎಣ್ಣೆಗೆ ಒಳ್ಳೆಯ ಹೆಸರು ಬರುತ್ತದೆ! ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಏರುಪೇರು ಇದ್ದರೆ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬಾಟಲಿಯಿಂದಲ್ಲ. ಹಣೆಯ ಅಂಚಿನಲ್ಲಿ ಮಾತ್ರ ಕೂದಲು ಹಿಂದೆ ಸರಿಯುತ್ತಿದ್ದು, ಯಾವಾಗಲೂ ಬಿಗಿಯಾಗಿ ಜಡೆ ಅಥವಾ ಜುಟ್ಟು ಕಟ್ಟುವವರಾದರೆ ಕಟ್ಟು ಸಡಿಲಿಸಿ. ದುಂಡಗೆ ನುಣ್ಣಗಾದ ಜಾಗ ಕಂಡರೆ, ಬೈತಲೆ ಅಗಲವಾಗುತ್ತ ಹೋದರೆ ಡಾಕ್ಟರ್ ಬಳಿ ಹೋಗುವುದನ್ನು ಮುಂದೂಡಬೇಡಿ. ಕಾದಷ್ಟೂ ಚಿಕಿತ್ಸೆಗೆ ಉಳಿಯುವುದು ಕಡಿಮೆ.

ರೋಸ್‌ಮರಿ ಎಣ್ಣೆ ಕೂದಲು ಬೆಳೆಸುತ್ತದೆ ಎಂಬ ಮಾತಿಗೆ ಮೂಲ 2015ರ ಒಂದು ಅಧ್ಯಯನ. ಅನುವಂಶಿಕ ಬೋಳುತಲೆಯ 100 ಜನರಲ್ಲಿ ಅರ್ಧ ಜನಕ್ಕೆ ಇದನ್ನು, ಇನ್ನರ್ಧ ಜನಕ್ಕೆ ಬೋಳುತಲೆಗೆ ಹಚ್ಚುವ ಔಷಧವಾದ 2 ಶೇಕಡಾ ಮಿನಾಕ್ಸಿಡಿಲ್ ಕೊಟ್ಟು ಆರು ತಿಂಗಳು ನೋಡಿದರು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಫಲ ಬಂತು. ಏನೂ ಹಚ್ಚದ ಗುಂಪು ಅದರಲ್ಲಿ ಇರಲಿಲ್ಲ. ಅಷ್ಟರ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ.

ಹಣೆ ಮೇಲೆ ಗುಳ್ಳೆ, ನೆತ್ತಿ ಉರಿ

ಹಣೆಯ ಅಂಚು, ಕೆನ್ನೆಯ ಪಕ್ಕ, ಕುತ್ತಿಗೆಯ ಹಿಂದೆ ಸಣ್ಣ ಗುಳ್ಳೆಗಳು ಎದ್ದಿದ್ದರೆ ತಲೆಯ ಎಣ್ಣೆ ಇಳಿದು ಚರ್ಮದ ರಂಧ್ರ ಮುಚ್ಚಿರಬಹುದು. ರಾತ್ರಿ ಹಚ್ಚಿ ಮಲಗುವುದನ್ನು ಬಿಡಿ, ದಿಂಬಿನ ಕವರ್ ತೊಳೆಯಿರಿ, ಹಚ್ಚುವಾಗ ಹಣೆಯಿಂದ ಎರಡು ಬೆರಳು ದೂರ ನಿಲ್ಲಿಸಿ. ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣಬೇಕು.

ಉರಿ, ಕೆಂಪು, ಊತ ಬೇರೆ. ಕಿವಿಯ ಹಿಂದೆ, ಕಣ್ಣುರೆಪ್ಪೆಯ ಮೇಲೂ ತುರಿಸುತ್ತಿದ್ದರೆ ಅಲರ್ಜಿ ಎಂದೇ ಅನುಮಾನಿಸಿ. ಇಲ್ಲಿ ಮೊದಲ ಅಪರಾಧಿ ಸುಗಂಧ ತೈಲಗಳು: ಟೀ ಟ್ರೀ, ರೋಸ್‌ಮರಿ, ಪುದೀನ, ಲ್ಯಾವೆಂಡರ್. ಇವನ್ನು ನೇರವಾಗಿ ಹಚ್ಚಲೇಬಾರದು. 30 ಮಿಲಿ ಮಾಮೂಲಿ ಎಣ್ಣೆಗೆ ಆರು ಹನಿ ಹಾಕಿದರೆ ಸುಮಾರು 1 ಶೇಕಡಾ ಆಗುತ್ತದೆ, ಅಷ್ಟು ಸಾಕು. ಸಾಸಿವೆ ಎಣ್ಣೆಯ ಘಾಟು ಕೊಡುವ ಅಂಶವೂ ಚರ್ಮವನ್ನು ಕೆರಳಿಸಬಲ್ಲದು. ಆ ಚುರುಚುರು ರಕ್ತ ಓಡುವ ಲಕ್ಷಣ, ಒಳ್ಳೆಯದು ಎಂದು ಸಹಿಸಿಕೊಳ್ಳಬೇಡಿ. ಹೊಸ ಎಣ್ಣೆ ಯಾವುದೇ ಇರಲಿ, ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಎರಡು ಮೂರು ಹೊಸತನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಆಯಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಇದ್ದಕ್ಕಿದ್ದಂತೆ ಗಂಟು

ಹರಳೆಣ್ಣೆಯ ಸುಮಾರು 85ರಿಂದ 90 ಶೇಕಡಾ ರಿಸಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದಕ್ಕೇ ಅಷ್ಟು ಮಂದ, ಅಷ್ಟು ಅಂಟು. ಉದ್ದ ಕೂದಲಿಗೆ ಅದನ್ನು ಧಾರಾಳವಾಗಿ ಹಚ್ಚಿ, ತಲೆಮೇಲೆ ಒಟ್ಟುಗೂಡಿಸಿ ಉಜ್ಜಿ ತೊಳೆದಾಗ ಇಡೀ ಕೂದಲು ಕಲ್ಲಿನಂಥ ಒಂದೇ ಗಂಟಾಗಿ, ಕೊನೆಗೆ ಕತ್ತರಿಸಬೇಕಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಪರೂಪ, ಆದರೆ ನಿಜ. ಹರಳೆಣ್ಣೆಯೇ ಬೇಕು ಅಂದರೆ ಒಂದು ಪಾಲಿಗೆ ಮೂರು ನಾಲ್ಕು ಪಾಲು ಹಗುರ ಎಣ್ಣೆ ಬೆರೆಸಿ. ತೊಳೆಯುವ ಮುನ್ನ ಸಿಕ್ಕು ಬಿಡಿಸಿ. ಕೂದಲನ್ನು ಕೆಳಕ್ಕೆ ಇಳಿಬಿಟ್ಟು, ಮೇಲಿಂದ ಕೆಳಗೆ ಸವರುತ್ತ ತೊಳೆಯಿರಿ, ಗುಡ್ಡೆ ಹಾಕಿ ತಿಕ್ಕಬೇಡಿ. ಗಂಟು ಶುರುವಾಗಿದೆ ಅನ್ನಿಸಿದರೆ ಇನ್ನಷ್ಟು ಶಾಂಪೂ ಸುರಿಯದೆ ಅಲ್ಲಿಗೇ ನಿಲ್ಲಿಸಿ. ಕಂಡಿಷನರ್ ತುಂಬಿ ಬೆರಳಿನಿಂದ, ತುದಿಯಿಂದ ಶುರುಮಾಡಿ ಬಿಡಿಸಿ.

ಇಸ್ತ್ರಿ ಯಂತ್ರದಿಂದ ಹೊಗೆ

ಕೂದಲು ನೇರ ಮಾಡುವ ಯಂತ್ರದ ಬಿಸಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ. ಎಣ್ಣೆ ಮೆತ್ತಿದ ಕೂದಲಿಗೆ ಅದನ್ನು ಒತ್ತಿದರೆ ಎಣ್ಣೆ ಬಿಸಿ ಹಿಡಿದು ನೆತ್ತಿಯನ್ನೂ ಕೈಯನ್ನೂ ಸುಡಬಹುದು. ಎಣ್ಣೆ ಬಿಸಿಯಿಂದ ಕಾಪಾಡುತ್ತದೆ ಎಂದು ಅದರ ಮೇಲೇ ಯಂತ್ರ ಓಡಿಸಬೇಡಿ. ಮೊದಲು ಯಂತ್ರ, ಕೂದಲು ತಣ್ಣಗಾದ ಮೇಲೆ ಒಂದೆರಡು ಹನಿ. ಒದ್ದೆ ಕೂದಲಿಗಂತೂ ಬೇಡವೇ ಬೇಡ. ಒಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆಗಳಾಗುತ್ತವೆ.

ಎಣ್ಣೆಯೇ ಕೆಟ್ಟಿದ್ದರೆ

ಇಲ್ಲಿಯವರೆಗೆ ಎಲ್ಲವೂ ಸರಿಯಿದ್ದು, ಮೊದಲು ಒಗ್ಗುತ್ತಿದ್ದ ಎಣ್ಣೆ ಈಗ ಒಗ್ಗುತ್ತಿಲ್ಲ ಅಂದರೆ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ. ಹಳೆ ಬಣ್ಣದ ಡಬ್ಬಿಯ, ಮೇಣದ ಬಳಪದ ತರಹ ಕಮಟು ವಾಸನೆ ಬಂದರೆ ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಟ್ಟಿದೆ. ಅದನ್ನು ತಲೆಗೆ ಹಚ್ಚಬೇಡಿ, ನೆತ್ತಿ ಕೆರಳಬಹುದು. ಅಗಸೆ ಎಣ್ಣೆ ಎಲ್ಲಕ್ಕಿಂತ ಬೇಗ ಕೆಡುತ್ತದೆ. ದ್ರಾಕ್ಷಿ ಬೀಜದ ಎಣ್ಣೆ, ಮಾಮೂಲಿ ಸೂರ್ಯಕಾಂತಿ ಎಣ್ಣೆ ಆಮೇಲಿನವು. ಕೊಬ್ಬರಿ, ಜೊಜೊಬಾ ಬಹಳ ಕಾಲ ತಾಳುತ್ತವೆ. ಎಳ್ಳೆಣ್ಣೆಯಲ್ಲಿ ಕೆಡದಂತೆ ತಡೆಯುವ ಅಂಶ ಸಹಜವಾಗಿಯೇ ಇದೆ. ಚಿಕ್ಕ ಬಾಟಲಿ ಕೊಳ್ಳಿ. ಗಾಢ ಬಣ್ಣದ್ದಾಗಿರಲಿ, ಬಿಸಿಲು ಮತ್ತು ಬಚ್ಚಲುಮನೆಯ ಬಿಸಿಯಿಂದ ದೂರ ಇಡಿ. ಒದ್ದೆ ಬೆರಳು ಅದ್ದಬೇಡಿ. ಪ್ರತಿ ಸಲ ಇಡೀ ಬಾಟಲಿಯನ್ನು ಬಿಸಿ ಮಾಡಿ ತಣಿಸುವುದೂ ಕೆಡಿಸುವ ದಾರಿಯೇ, ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ಹಾಕಿಕೊಂಡು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ.

ಟವೆಲ್ಲುಗಳ ಬಗ್ಗೆಯೂ ಒಂದು ಮಾತು. ಎಣ್ಣೆ ಹೀರಿದ ಟವೆಲ್ ತೊಳೆದರೂ ಪೂರ್ತಿ ಬಿಡುವುದಿಲ್ಲ. ಅದನ್ನು ಡ್ರೈಯರ್ ಯಂತ್ರದಲ್ಲಿ ಬಿಸಿ ಮಾಡಿ, ಬಿಸಿಬಿಸಿಯಾಗಿಯೇ ಗುಡ್ಡೆ ಹಾಕಿಟ್ಟರೆ ಎಣ್ಣೆ ಆಮ್ಲಜನಕದ ಜೊತೆ ಸೇರುತ್ತ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆಯಲ್ಲಿ ಈ ಅಪಾಯ ತುಂಬ ಜಾಸ್ತಿ. ಎಣ್ಣೆ ತಲೆಗೆಂದೇ ಒಂದು ಹಳೆ ಟವೆಲ್ ಇಟ್ಟುಕೊಂಡು, ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಹಗ್ಗದ ಮೇಲೆ ಹರವಿ ಒಣಗಿಸಿ.